ದಂತವೈದ್ಯರು ನೆನೆಯುವ ಪ್ರೊಫೆಸರ್ ಜಿ. ವಿ. ಬ್ಲ್ಯಾಕ್ ಯಾರು?

ಚಿತ್ರದುರ್ಗ ಜಿಲ್ಲೆಯಲ್ಲಿ ಕೊಳವೆಬಾವಿ ನೀರು ಕುಡಿದು ಬೆಳೆದ ಕೆಲವರ ಮುಂದಿನ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಕಾಣುತ್ತವೆ; ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇಂಥದೇ ಕಲೆಯ ಬೆನ್ನು ಹತ್ತಿದವರು ಅಮೆರಿಕದ ಬ್ಲ್ಯಾಕ್ (1836–1915). ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ, ಆದರೂ ಷಿಕಾಗೋದಲ್ಲಿ ದಂತವೈದ್ಯ ಕಾಲೇಜಿನ ಡೀನ್ ಆದರು. ಹುಳುಕನ್ನು ಅವರು ವಿಂಗಡಿಸಿದ ಕ್ರಮವನ್ನು ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನನಗೆ ಅದಕ್ಕಿಂತ ಹಿಡಿಸುವುದು ಅವರ ಕೊನೆಗಾಲದ ಕೆಲಸ. 1909ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಕೊಲರಾಡೊಗೆ ಹೋಗಿ ಮೆಕೇ ಎಂಬ ಕಿರಿಯ ದಂತವೈದ್ಯರ ಜೊತೆ ಈ ಕಲೆಯ ಅಧ್ಯಯನಕ್ಕೆ ಕುಳಿತರು. ವಿಚಿತ್ರವೆಂದರೆ, ಕಲೆಯಾದ ಹಲ್ಲಿಗೆ ಹುಳುಕು ಸುಲಭವಾಗಿ ಹಿಡಿಯುತ್ತಿರಲಿಲ್ಲ. ಇದಕ್ಕೆಲ್ಲ ಕಾರಣ ನೀರಿನಲ್ಲಿರುವ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ; ಅಷ್ಟರಲ್ಲಿ ಬ್ಲ್ಯಾಕ್ ತೀರಿಕೊಂಡು 16 ವರ್ಷವಾಗಿತ್ತು.