ಕಷಾಯ ಕುಡಿದರೆ ಸೀಸದಿಂದ ಕಿಡ್ನಿ ಉಳಿಯುತ್ತಾ?

ಹಾಸನದಲ್ಲಿ ಸೀಸ ಇರುವ ಹಳೇ ಬ್ಯಾಟರಿ ಬಿಚ್ಚುವ ಕೆಲಸ ಮಾಡುವ ತಮ್ಮನಿಗೆ ಅರಿಶಿನ, ನೆಗ್ಗಿಲಿನ ಕಷಾಯ ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ಅರಿಶಿನ, ಬೆಳ್ಳುಳ್ಳಿ, ನೆಲ್ಲಿಕಾಯಿ ಇಲಿಗಳಲ್ಲಿ ಸೀಸ, ಕ್ಯಾಡ್ಮಿಯಂ (ಇನ್ನೊಂದು ವಿಷಕಾರಿ ಲೋಹ) ಮಾಡುವ ಹಾನಿಯನ್ನು ತಗ್ಗಿಸಿದ್ದು ನಿಜ. ಮನುಷ್ಯರ ಲೆಕ್ಕಕ್ಕೆ ಬಂದರೆ, ಇರಾನಿನಲ್ಲಿ ಕಾರ್ ಬ್ಯಾಟರಿ ಕಾರ್ಖಾನೆಯ ಕೆಲಸಗಾರರಿಗೆ ಬೆಳ್ಳುಳ್ಳಿ ಮಾತ್ರೆ ಕೊಟ್ಟು ನೋಡಿದಾಗ ರಕ್ತದಲ್ಲಿದ್ದ ಸೀಸ ಇಳಿದಿತ್ತು, ಆದರೆ ಇಳಿದದ್ದು ರಕ್ತದ ಸೀಸ, ಕಿಡ್ನಿ ಉಳಿಯಿತು ಅಂತ ಅದರಿಂದ ಹೇಳೋಕಾಗಲ್ಲ. ಸಾರಿಗೆ ನಾಲ್ಕು ಎಸಳು ಜಾಸ್ತಿ ಹಾಕಿ, ನಷ್ಟವಿಲ್ಲ.

ಭಸ್ಮ (ಲೋಹ ಸುಟ್ಟು ಮಾಡುವ ಆಯುರ್ವೇದದ ಪುಡಿ) ಮಾತ್ರ ಬೇಡವೇ ಬೇಡ! 2008ರಲ್ಲಿ ಅಮೆರಿಕದ ಸಂಶೋಧಕರು ಆನ್‌ಲೈನಿನಲ್ಲಿ ಕೊಂಡ 193 ಆಯುರ್ವೇದ ಔಷಧಿಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಇತ್ತು. ಸೀಸಕ್ಕೆ ಸೀಸವೇ ಮದ್ದಾ?

ಮೊದಲು ರಕ್ತದ ಸೀಸ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಅಂಶ) ಎರಡೂ ಪರೀಕ್ಷೆ ಮಾಡಿಸಿ. ಸೀಸ ತುಂಬಾ ಏರಿದ್ದರೆ ಅದನ್ನು ಮೂತ್ರದಲ್ಲಿ ಹೊರಹಾಕಿಸುವ ಔಷಧಿ ಡಾಕ್ಟರ ಹತ್ತಿರ ಇದೆ. ಖಾಲಿ ಹೊಟ್ಟೆಯಲ್ಲಿ ಸೀಸ ಜಾಸ್ತಿ ಹೀರಿಕೊಳ್ಳುತ್ತೆ, ಹಾಗಾಗಿ ಬೆಳಿಗ್ಗೆ ಮುದ್ದೆ ತಿಂದೇ ಹೋಗಲಿ (ರಾಗಿಯ ಕ್ಯಾಲ್ಸಿಯಂ ಕೂಡ ಅದನ್ನು ಸ್ವಲ್ಪ ತಗ್ಗಿಸುತ್ತೆ). ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಲಿ, ಕೆಲಸದ ಬಟ್ಟೆ ಮನೆಯೊಳಗೆ ತರೋದು ಬೇಡ, ಮಕ್ಕಳಿದ್ದರಂತೂ ಖಂಡಿತ ಬೇಡ.