15 ವರ್ಷ ತುಂಬಿದ ಕಾರು ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಪಾಸ್ ಆಗುತ್ತಾ? ಮೊದಲು ಮ್ಯಾಟ್ ಎತ್ತಿ ನೋಡಿ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. 2011ರಲ್ಲಿ ಕೊಂಡ ಪೆಟ್ರೋಲ್ ಕಾರಿದೆ, ಬಿಳಿ ಬೋರ್ಡ್. ಓಡಿದ್ದು 68,000 ಕಿ.ಮೀ. ಮಾತ್ರ. ಬರುವ ಅಕ್ಟೋಬರ್‌ಗೆ 15 ವರ್ಷ ತುಂಬುತ್ತದೆ. ಆರ್‌ಟಿಓಗೆ ತೋರಿಸಿದರೆ ಪಾಸ್ ಆಗುತ್ತೆ ಅಂತ ಎಷ್ಟು ನಂಬಬಹುದು? ಇಲ್ಲ ಈಗಲೇ ಮಾರಿಬಿಡಲೇ?

ಉತ್ತರ: ಮಾರುವ ಮಾತು ಆಮೇಲೆ. ಮೊದಲು ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ. ಯಾಕೆ ಅಂತ ಹೇಳುತ್ತೇನೆ.

ದೆಹಲಿಯಲ್ಲಿ ಹಳೆ ಕಾರುಗಳನ್ನು ತಡೆಯುತ್ತಾರೆ ಅನ್ನುವ ಸುದ್ದಿ ಕೇಳಿ ನಮ್ಮ ಕಡೆಯವರೂ ಹೆದರುತ್ತಾರೆ. ನಮ್ಮಲ್ಲಿ ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಸ್ವಂತ ಕಾರನ್ನು ಯಾರೂ ತಡೆಯುವುದಿಲ್ಲ. 15 ವರ್ಷಕ್ಕೆ ಆರ್‌ಸಿ (ನೋಂದಣಿ ಪತ್ರ) ಮುಗಿಯುತ್ತದೆ. ಗಾಡಿ ತೋರಿಸಿ ಪಾಸ್ ಆದರೆ ಮತ್ತೆ 5 ವರ್ಷ ಸಿಗುತ್ತದೆ. ಹೀಗೆ ಐದೈದು ವರ್ಷ ಮುಂದುವರಿಸುತ್ತಾ ಹೋಗಬಹುದು. ಕಾರಿಗೆ ನವೀಕರಣ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದ್ದಕ್ಕೆ 10,000. ಹಸಿರು ತೆರಿಗೆ ಬೇರೆ.

ಇನ್ನು ಪಾಸ್ ಆಗುವ ವಿಷಯ. ಗ್ಯಾರೇಜಿನಲ್ಲಿ ನಾನು ಕಂಡ ಮಟ್ಟಿಗೆ ಇಂಜಿನ್ ಕೆಟ್ಟು ಫೇಲ್ ಆದ ಕಾರು ತುಂಬಾ ಕಡಿಮೆ. ಹ್ಯಾಂಡ್ ಬ್ರೇಕ್ ಹಿಡಿಯದೆ, ಟೈರ್ ಸವೆದು, ಬ್ರೇಕ್ ಲೈಟ್ ಉರಿಯದೆ ವಾಪಸ್ ಬಂದವೇ ಜಾಸ್ತಿ. ಅದನ್ನೆಲ್ಲ ಒಂದು ದಿನದಲ್ಲಿ ಸರಿ ಮಾಡಿಸಬಹುದು. ಒಂದು ದಿನದಲ್ಲಿ ಸರಿಯಾಗದ್ದು ತುಕ್ಕು. ನಮ್ಮ ಜಿಲ್ಲೆಯ ಕಾರನ್ನು ತಿನ್ನುವುದೂ ಅದೇ.

ಮಳೆಯಿಂದ ತುಕ್ಕು ಅಂತ ಎಲ್ಲರಿಗೂ ಗೊತ್ತು. ಗೊಬ್ಬರದಿಂದ ಅಂತ ಗೊತ್ತಿರುವವರು ಕಡಿಮೆ. ತೋಟದವರು ಡಿಕ್ಕಿಯಲ್ಲಿ ಪೊಟ್ಯಾಷ್ ಚೀಲ ತರುತ್ತಾರೆ ಅಲ್ವಾ? ಅದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ ಅನ್ನಿ. ಚೀಲದ ಹೊಲಿಗೆಯಿಂದ ನಾಲ್ಕು ಕಾಳು ಉದುರಿ ಕಾರ್ಪೆಟ್ ಕೆಳಗೆ ಸೇರಿದರೆ ಸಾಕು. ಕಕ್ಕಡ ತಿಂಗಳ ಮಳೆಯ ತೇವಕ್ಕೆ ಅದು ಕರಗುತ್ತದೆ, ಲೋಹವನ್ನು ಸುಮ್ನೆ ಒಳಗಿಂದ ತಿನ್ನುತ್ತಾ ಹೋಗುತ್ತದೆ.

ಒಮ್ಮೆ ಒಂದು ಕಾರು ಬಂದಿತ್ತು. ಬಾಡಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಮೂಲೆಯಲ್ಲಿ ಗುಲಾಬಿ ಬಣ್ಣದ ಕಾಳು, ಸುತ್ತ ಪದರ ಪದರವಾಗಿ ಎದ್ದ ತುಕ್ಕು. ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ಒತ್ತಿದೆ. ಹಪ್ಪಳ ಮುರಿದ ಸದ್ದು ಬಂತು, ತುದಿ ಕೆಳಗೆ ಹೋಯಿತು. ಅಲ್ಲಿಂದ ಒಂದು ಗೇಣು ದೂರದಲ್ಲಿ ಹಿಂದಿನ ಸೀಟ್ ಬೆಲ್ಟ್‌ನ ಬೋಲ್ಟ್. ಆ ಸೀಟಿನಲ್ಲಿ ದಿನಾ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅವತ್ತಿನಿಂದ ಯಾವ ಕಾರು ಬಂದರೂ ನಾನು ಮೊದಲು ಎತ್ತುವುದು ಕಾರ್ಪೆಟ್, ಆಮೇಲೆ ಬಾನೆಟ್.

ನೀವೂ ಹಾಗೇ ಮಾಡಿ. ಡ್ರೈವರ್ ಕಾಲ ಕೆಳಗಿನ ಮ್ಯಾಟ್, ಡಿಕ್ಕಿ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಬಂದು ಕಾರಿನ ಬಾಡಿಯಲ್ಲಿ ಕೂರುವ ಜಾಗ, ಇಷ್ಟು ಒತ್ತಿ ನೋಡಿ. ಬಾಗಿಲ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಮಣ್ಣು ತುಂಬಿ ಮುಚ್ಚಿರುತ್ತವೆ, ಕಡ್ಡಿ ಹಾಕಿ ಬಿಡಿಸಿ. ಆಯುಧ ಪೂಜೆಗೆ ಕಾರಿನ ಮೇಲೆಲ್ಲ ಉಜ್ಜಿ ತೊಳೆದು ಹೂವು ಹಾಕುತ್ತೇವೆ, ಕಾರಿನ ಕೆಳಭಾಗಕ್ಕೆ ಒಂದು ಬಕೆಟ್ ನೀರೂ ಬೀಳುವುದಿಲ್ಲ. ತೂತು ಬಿದ್ದಿದ್ದರೆ ಕೊಳೆತ ತಗಡು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿಸಿ. ಪುಟ್ಟಿ ಮೆತ್ತಿ ಕಪ್ಪು ಬಣ್ಣ ಹೊಡೆಯುವವರ ಹತ್ತಿರ ದಯವಿಟ್ಟು ಹೋಗಬೇಡಿ. ಈ ಕೆಲಸ ಏಪ್ರಿಲ್-ಮೇ ಬಿಸಿಲಲ್ಲೇ ಮುಗಿಯಬೇಕು. ಒದ್ದೆ ತಗಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ನಿಮ್ಮ ಕಾರು ಓಡಿದ್ದು ಕಡಿಮೆ ಅನ್ನುವುದು ಒಳ್ಳೆಯದೇ, ಆದರೆ ಅದನ್ನೇ ನಂಬಿ ಕೂರಬೇಡಿ. ಶೆಡ್‌ನಲ್ಲಿ ನಿಂತ ಕಾರಿನಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಜಾಮ್ ಆಗಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಬಿಸಿಗೆ ಆಯಿಲ್ ಕುದಿದು ಪೆಡಲ್ ಮೆತ್ತಗಾಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಟೈರ್‌ನ ಪಟ್ಟೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಟೈರ್ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯನ್ನೂ ಓದಿ. 2318 ಅಂದರೆ 2018ರ 23ನೇ ವಾರದ ಟೈರ್.

ಹೊಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಬಿಎಸ್-4 (ಹೊಗೆ ಮಿತಿಯ ಒಂದು ಮಾನದಂಡ) ಮತ್ತು ಅದರ ನಂತರದ ಗಾಡಿಗೆ 1 ವರ್ಷ, ಅದಕ್ಕೂ ಹಳೆಯದಕ್ಕೆ 6 ತಿಂಗಳು. ಆರ್‌ಸಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ನಿಮಗೆ ಅದು ಆಗಸ್ಟ್. ತಗಡು ಗಟ್ಟಿ ಇದ್ದು ಬ್ರೇಕ್ ಸರಿಯಿದ್ದರೆ ನಿಮ್ಮ ಕಾರು ಪಾಸ್ ಆಗುತ್ತದೆ, ಧೈರ್ಯವಾಗಿ ಹೋಗಿ. ತಗಡು ನಾಲ್ಕೈದು ಕಡೆ ಹೋಗಿದ್ದರೆ ಮಾತ್ರ ಮಾರುವ ಯೋಚನೆ ಮಾಡಿ. ಆಗಲೂ ಕೊಳ್ಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಪ್ರಶ್ನೆ: ಮಡಿಕೇರಿಯಿಂದ ಮಾಂದಲಪಟ್ಟಿ ಬೆಟ್ಟಕ್ಕೆ ಟ್ರಿಪ್ ಹೊಡೆಯುವ ಜೀಪ್ ನನ್ನದು, ಹಳದಿ ಬೋರ್ಡ್, 11 ವರ್ಷದ್ದು. ಹೋದ ತಿಂಗಳು ಎಫ್‌ಸಿ ಆಯಿತು. ಇನ್ನು ಒಂದು ವರ್ಷ ಚಿಂತೆ ಇಲ್ಲ ಅಲ್ವಾ?

ಉತ್ತರ: ಕಾಗದದ ಚಿಂತೆ ಇಲ್ಲ. ಹಳದಿ ಬೋರ್ಡ್‌ಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಆದರೆ ಅದು ಆ ಒಂದು ದಿನ ಗಾಡಿ ಹೇಗಿತ್ತು ಅನ್ನುವುದಕ್ಕೆ ಮಾತ್ರ ಸಾಕ್ಷಿ. ಆ ಕಲ್ಲು ದಾರಿಯಲ್ಲಿ ಒಂದು ಸೀಸನ್ ಓಡಿದರೆ ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ನಂಥ ಚಕ್ರದ ಕೀಲುಗಳು ಸಡಿಲವಾಗಿರುತ್ತವೆ, ಸ್ಪ್ರಿಂಗ್ ಪ್ಲೇಟ್‌ನ ಬೋಲ್ಟ್ ಕೂಡ.

ಇಂಗ್ಲೆಂಡಿನಲ್ಲಿ 3 ವರ್ಷ ತುಂಬಿದ ಸ್ವಂತ ಕಾರಿಗೂ ಪ್ರತಿ ವರ್ಷ ತಪಾಸಣೆ ಇದೆ. ಅಲ್ಲಿ ಪಾಸ್ ಮಾಡಿದರೂ ‘ಇದು ಸವೆಯುತ್ತಿದೆ, ಗಮನ ಇಡಿ’ ಅಂತ ಬರೆದುಕೊಡುತ್ತಾರೆ. ನನಗೆ ತುಂಬಾ ಹಿಡಿಸಿದ ಪದ್ಧತಿ ಅದು. ನೀವೂ ನಿಮ್ಮ ಮೆಕ್ಯಾನಿಕ್ ಹತ್ತಿರ ಹಾಗೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ, ತಿಂಗಳಿಗೊಮ್ಮೆ ಜಾಕ್ ಏರಿಸಿ ಚಕ್ರ ಅಲ್ಲಾಡಿಸಿ ನೋಡಿ. ಹಿಂದೆ ಕೂರುವವರು ನಿಮ್ಮನ್ನು ನಂಬಿ ಕೂರುತ್ತಾರೆ.

ಪ್ರಶ್ನೆ: ಅಜ್ಜನ 1968ರ ಜೀಪ್ ಇನ್ನೂ ತೋಟದಲ್ಲಿ ಓಡುತ್ತಿದೆ. ಅದನ್ನು ವಿಂಟೇಜ್ ಮಾಡಿಸಿದರೆ ಅನುಕೂಲವೇ?

ಉತ್ತರ: 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ನಂಬರ್‌ನಲ್ಲಿ ‘ವಿಎ’ ಅಂತ ಬರುತ್ತದೆ. ಆದರೆ ಆಮೇಲೆ ಅದನ್ನು ದಿನಬಳಕೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಕಾಫಿ ಮೂಟೆ ಹಾಕಿಕೊಂಡು ಪೇಟೆಗೆ ಹೋಗಬೇಕು ಅಂತಿದ್ದರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿ. ಮತ್ತೆ, ಅದರಲ್ಲಿ ಇಂಜಿನ್ ಬದಲಾಗಿದೆಯಾ, ಆರ್‌ಸಿಯಲ್ಲಿ ಆ ನಂಬರ್ ಬರೆಸಿದ್ದಾರಾ ಅಂತ ಈಗಲೇ ನೋಡಿಕೊಳ್ಳಿ. ಹಳೆ ಜೀಪ್‌ಗಳು ಮೊದಲು ಸಿಕ್ಕಿಬೀಳುವುದು ಅಲ್ಲೇ.