ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನೊಡನೆ ಮಾತನಾಡಲು ತರಬೇತಿ ಬೇಕೇ?

ಸಿಂಧನೂರಿನ ಅಂಗನವಾಡಿ ಕಾರ್ಯಕರ್ತೆಯಾದ ನಿಮಗೆ ಖಂಡಿತ ಬೇಕು. ಮೊದಲು ಕಲಿಯಬೇಕಾದದ್ದು ಕಾನೂನಲ್ಲ, ಕೇಳುವ ರೀತಿ. ‘ಅವನು ಮುಟ್ಟಿದನೇ?’ ಎಂದು ಉತ್ತರವನ್ನು ಮಗುವಿನ ಬಾಯಿಗೆ ತುರುಕಬಾರದು. ‘ಏನಾಯಿತು, ಹೇಳವ್ವ’ ಎಂದು ಕೇಳಿ ಸುಮ್ಮನಿರಬೇಕು. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ. ರಾಯಚೂರು ಸೀಮೆಯ ನುಡಿಯನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಅರ್ಥವೇ ಜಾರಿಹೋದೀತು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಮಾತು ಕೊಡಬೇಡಿ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098. ಪೊಲೀಸರಿಗೂ ಪಾಠವಿದೆ, ಹೇಳಿಕೆ ಪಡೆಯುವಾಗ ಸಮವಸ್ತ್ರ ಧರಿಸಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಒಂದು ದಿನದ ಉಪನ್ಯಾಸ ಸಾಲದು. ಒಬ್ಬರು ಮಗುವಾಗಿ, ಇನ್ನೊಬ್ಬರು ಕೇಳುವವರಾಗಿ ಎದುರುಬದುರು ಕುಳಿತು ಅಭ್ಯಾಸ ಮಾಡಿಸುವಂತಹ ತರಬೇತಿಯನ್ನೇ ಕೊಡಿಸಿರೆಂದು ನಿಮ್ಮ ಮೇಲ್ವಿಚಾರಕಿಯನ್ನು ಒತ್ತಾಯಿಸಿ.